ಎರಡನೆಯ ಉಂಗುರ

ಕ್ರಿಮಿಗಳನ್ನು ಕೊಂದದ್ದು ಎಲೆಯೋ, ಆಲ್ಕೋಹಾಲೋ?

ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುವಾಗಲೂ ಅವನಿಗೆ ಅದೇ ಕೊರೆತ. ಹೋದ ವಾರ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ, ಎಲೆಯಿಂದ ತೆಗೆದು ಆಲ್ಕೋಹಾಲಿನಲ್ಲಿ ಕರಗಿಸಿದ ಫ್ಲೇವನಾಯ್ಡ್ ಎಂಬ ಹಳದಿ ಸತ್ವದಲ್ಲಿ ಅದ್ದಿದ ಕಾಗದದ ಬಿಲ್ಲೆಯ ಸುತ್ತ ಕ್ರಿಮಿಗಳೆಲ್ಲ ಸತ್ತು ಸ್ವಚ್ಛ ಉಂಗುರ ಮೂಡಿತ್ತು. ಅಕ್ಕನ ಹುಣ್ಣಿಗೆ ಮದ್ದು ಸಿಕ್ಕಿತೆಂದು ಹಿಗ್ಗಿನಲ್ಲಿ ಭಾವನಿಗೆ ಫೋನ್ ಮಾಡಿಬಿಟ್ಟಿದ್ದ. ಹೊರಡುವ ಬೆಳಿಗ್ಗೆ ನೋಡಿದರೆ, ಬರೀ ಆಲ್ಕೋಹಾಲಿನಲ್ಲಿ ಅದ್ದಿದ ಬಿಲ್ಲೆಯ ಸುತ್ತಲೂ ಅಂಥದ್ದೇ ಉಂಗುರ! ಬಿಲ್ಲೆಗಳನ್ನು ಒಣಗಿಸದೆ ಹಸಿಯಾಗಿಯೇ ಇಟ್ಟಿದ್ದ. ಹೇಳೋಣವೆಂದು ಅಕ್ಕನ ಮನೆಗೆ ಬಂದರೆ ಭಾವ ಆಗಲೇ ಹಗ್ಗ ಹೆಗಲಿಗೇರಿಸಿ ನಿಂತಿದ್ದ. ಎಂಟು ತಿಂಗಳಿಂದ ಮಾಯದ ಹುಣ್ಣಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಅಕ್ಕ ನಗುತ್ತಿದ್ದಳು. ಎಷ್ಟೋ ದಿನದ ಮೇಲೆ.

“ಏನ್ ಪಂಡಿತರೇ, ಕಾಲು ನಡುಗ್ತಿದೆಯಾ?” ಭಾವ ಮೇಲಿನಿಂದ ಕೂಗಿದ. ಕಲ್ಲುಗಣಿಯಲ್ಲಿ ಬಂಡೆ ಹತ್ತಿ ಹಗ್ಗ ಕಟ್ಟುವುದೇ ಅವನ ಕಸುಬು.

ಎರಡು ದಿನ ನಡೆದು ಬಂದ ಕಾಡು ಕೆಳಗೆ ಹಾಸಿಕೊಂಡಿತ್ತು. ಹೊಳೆ ಎಲ್ಲೋ ಒಂದು ಕಡೆ ಮಿಂಚಿ ಮಾಯವಾಗುತ್ತಿತ್ತು. ಆ ಎಲೆಯ ಗಿಡ, ಬೇರೆಲ್ಲೂ ಜಾಗ ಸಿಗಲಿಲ್ಲವೆಂಬಂತೆ, ಬಂಡೆಯ ಬಿರುಕುಗಳಲ್ಲೇ ಬೇರೂರಿತ್ತು.

“ಇಷ್ಟು ಸಾಕು ಭಾವ, ಇಳಿದುಬಿಡೋಣ.”

“ಒಂದು ಹಿಡಿ ಎಲೇಲಿ ಏನಾಗುತ್ತಪ್ಪಾ? ನಿಮ್ಮಕ್ಕನದೇನು ಗುಬ್ಬಚ್ಚಿ ಕಾಲಾ?”

“ಭಾವ, ಒಂದು ಮಾತು…”

“ಕೆಳಗಿಳಿದ ಮೇಲೆ ಹೇಳು!”

ಭಾವನ ಕಾಲಡಿಯ ಕಲ್ಲು ಕಿತ್ತುಬಂತು.

ಭಾವ ಅವನ ಪಕ್ಕದಿಂದಲೇ ಕೆಳಗೆ ಬಿದ್ದ; ಇಬ್ಬರನ್ನೂ ಕಟ್ಟಿದ್ದ ಹಗ್ಗ ಅವನ ಕೈಯಲ್ಲಿ ಸರ್ರನೆ ಜಾರಿತು. ಅವನು ಬಂಡೆಯ ಅಂಚಿಗೆ ಕಾಲೊತ್ತಿ ಹಿಂದಕ್ಕೆ ಬಾಗಿದ. ಅಂಗೈ ಸುಲಿಯಿತು. ಹಗ್ಗ ಬಿಗಿದು ನಿಂತಿತು.

ಭಾವ ಕೆಳಗೆ ನೇತಾಡುತ್ತಿದ್ದ. ಎಡಗೈ ಹಗ್ಗಕ್ಕೂ ಬಂಡೆಗೂ ನಡುವೆ ಸಿಕ್ಕಿಬಿದ್ದಿತ್ತು.

“ಚೀಲ ಬಿಸಾಕಿ ಭಾವ! ಭಾರ ಕಡಿಮೆಯಾಗಲಿ!”

“ಬಿಸಾಕೋದಾ? ಬರಿಗೈಲಿ ಹೋದ್ರೆ ನಿಮ್ಮಕ್ಕ ಬಾಗಿಲು ತೆಗೀತಾಳಾ? ಎಳೆಯೋ!”

ಎಳೆದ. ಉಸಿರು ಕಟ್ಟಿ, ಗೇಣು ಗೇಣಾಗಿ ಎಳೆದ.

ಅಲ್ಲಿಂದ ಮೂರನೆಯ ದಿನ ಮನೆ ಮುಟ್ಟಿದರು. ಭಾವ ಗೆದ್ದವನ ಗತ್ತಿನಲ್ಲಿ ಚೀಲವನ್ನು ಅಕ್ಕನ ಮುಂದೆ ಸುರಿದ. ಅವಳು ಎಲೆಗಳನ್ನು ನೋಡಲಿಲ್ಲ. ಗಂಡನ ಎಡಗೈಯ ಜಜ್ಜಿದ ಎರಡು ಬೆರಳುಗಳನ್ನು ನೋಡಿದಳು.

ಪ್ರಯೋಗಾಲಯಕ್ಕೆ ಮರಳಿದ ಅವನು ಈ ಸಲ ಬಿಲ್ಲೆಗಳನ್ನು ಚೆನ್ನಾಗಿ ಒಣಗಿಸಿ ಇಟ್ಟ. ಉಂಗುರ ಮೂಡಲಿಲ್ಲ. ಕ್ರಿಮಿಗಳು ಎಲೆಯ ಬಿಲ್ಲೆಯ ಅಂಚಿನವರೆಗೂ ಹಾಯಾಗಿ ಬೆಳೆದಿದ್ದವು.

“ಎಲೆ ಏನಂತು?” ಭಾವ ಕೇಳಿದ. ಆ ಬೆರಳುಗಳು ಇನ್ನು ಮಡಚುವುದಿಲ್ಲವೆಂದು ವೈದ್ಯರು ಹೇಳಿದ್ದರು.

“ಕೆಲಸ ಮಾಡಲಿಲ್ಲ ಭಾವ.”

“ಹೋಗಲಿ ಬಿಡೋ. ನಿನಗೆ ಮೊದಲೇ ಹೇಗೆ ಗೊತ್ತಾಗುತ್ತೆ, ಪಾಪ!”

ಹೊರಡುವ ಬೆಳಿಗ್ಗೆಯೇ ಎರಡನೆಯ ಉಂಗುರವನ್ನು ನೋಡಿದ್ದೆ ಎಂದು ಅವನು ಭಾವನಿಗೆ ಎಂದೂ ಹೇಳಲಿಲ್ಲ.