ಹ್ಯಾಷ್ ಹಾಕಿದ ಮೊದಲ ಸಾಲು

ಬೆನ್ನಿಗೆ ಕೋವಿ ಒತ್ತಿದಾಗ ನಾನು ಕಂಪ್ಯೂಟರ್ ಮುಂದೆ ಕೂತಿದ್ದೆ.

"ಅರಳಸುರಳಿ ಊರವರ ಹೆಸರು ಸದಸ್ಯರ ಪಟ್ಟೀಲಿ ಇರ್ಬಾರ್ದು ಮಾಸ್ತಪ್ಪ. ಈಗ್ಲೇ ಅಳ್ಸು!"

ಸೊಸೈಟಿ ಅಧ್ಯಕ್ಷ ಮುಕುಂದಯ್ಯ. ತೀರ್ಥಹಳ್ಳಿ, ೧೯೮೮. ಪಕ್ಕದ ಹಾಲ್‌ನಲ್ಲಿ ಚುನಾವಣೆ. ಅರಳಸುರಳಿಯಲ್ಲಿ ಅವನ ಗೇಣಿದಾರರಾಗಿದ್ದ ಮುನ್ನೂರು ಜನ ಇವತ್ತು ಅವನನ್ನೇ ಇಳಿಸಲು ಕಾದು ಕೂತಿದ್ದರು.

ನಾನು ಸಾಗರದ ಕಂಪ್ಯೂಟರ್ ರಿಪೇರಿಯವನು, ಚುನಾವಣೆ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದೆ. ಹೋದ ವರ್ಷ ಇಲ್ಲಿ ಆಪರೇಟರ್ ಆಗಿದ್ದವನು ನನ್ನ ತಮ್ಮ ಬೆಳ್ಳಪ್ಪ. ದಿನಾ ಓಡಿಸುವ ಫೈಲನ್ನೇ ಓಡಿಸಿದ... ಅರಳಸುರಳಿಯವರ ಇಡೀ ಪಟ್ಟಿ ಮಾಯ! ಫೈಲಿನೊಳಗಿನ ಆಜ್ಞೆಗಳ ಸಾಲುಗಳನ್ನು ಮುಕುಂದಯ್ಯ ಗುಟ್ಟಾಗಿ ಬದಲಿಸಿದ್ದ. ಕಳ್ಳನೆಂಬ ಹೆಸರು ಮಾತ್ರ ತಮ್ಮನಿಗೆ ಬಂತು. ತುಂಗಾ ಹೊಳೆಗೆ ಹಾರಿದ.

ಒಂದು ವರ್ಷದಿಂದ ಈ ದಿನಕ್ಕೇ ಕಾದಿದ್ದೆ.

"ಪಟ್ಟಿ ಅಳ್ಸೋ ನಿಮ್ಮ ಹಳೇ ಫೈಲ್ ಉಂಟಲ್ಲ ಅಯ್ಯಾ. ನೀವೇ ಓಡ್ಸಿ. ನಿಮ್ಮ ಪಾಸ್‌ವರ್ಡೇ ಬೇಕು."

ಸುಳ್ಳು. ಅವನ ಕೈಯೇ ಒತ್ತಬೇಕಿತ್ತು ನನಗೆ!

ಫೈಲ್ ತೆರೆದು ನೋಡಿದ. ಹುಷಾರಿ!

"ಮೊದಲ ಸಾಲು ಎಂತದು? ಹೊಸದು."

"ಹ್ಯಾಷ್ ಅಂದ್ರೆ ಆ # ಗುರ್ತು ಹಾಕಿದ ಸಾಲನ್ನ ಮೆಷಿನ್ ಓದಲ್ಲ ಅಂತ ನೀವೇ ಹೇಳ್ತಿದ್ರಂತೆ."

"ಹೌದ್ ಮತ್ತೆ. ಬರೀ ಟಿಪ್ಪಣಿ ಅದು."

ನಕ್ಕು, ಪಾಸ್‌ವರ್ಡ್ ಹೊಡೆದು ಎಂಟರ್ ಒತ್ತಿದ.

ಹಾಲ್‌ನಲ್ಲಿ ಪ್ರಿಂಟರ್ ಕಿರ್... ಕಿರ್... ಎಂದಿತು.

"ಎಂತ ಮಾಡ್ದ್ಯೋ!"

"ಹ್ಯಾಷ್ ಪಕ್ಕ ಆಶ್ಚರ್ಯ ಚಿಹ್ನೆ ಇತ್ತು, ನೋಡ್ಲಿಲ್ವಾ? ಆ ಎರಡು ಜೊತೆಗಿದ್ರೆ ಮೆಷಿನ್ ಮೊದ್ಲು ಆ ಸಾಲೇ ಓದ್ತದೆ. ಫೈಲನ್ನ ಯಾವ ಪ್ರೋಗ್ರಾಮ್ ಕೈಗೆ ಕೊಡ್ಬೇಕು ಅಂತ ಅಲ್ಲಿರ್ತದೆ. ಸಾಲು ಇಲ್ದಿದ್ರೆ ಆಜ್ಞೆ ನಡ್ಸೋ ಶೆಲ್‌ಗೆ ಹೋಗ್ತಿತ್ತು, ಅದು ಫೈಲಲ್ಲಿ ಹೇಳಿದ್ದನ್ನ ಮಾಡ್ತಿತ್ತು. ನಾನು ಪ್ರಿಂಟ್ ಪ್ರೋಗ್ರಾಮ್ ಹೆಸರು ಬರ್ದೆ. ಅದು ಏನನ್ನೂ ಅಳ್ಸಲ್ಲ... ಫೈಲನ್ನೇ ಅಚ್ಚು ಹಾಕ್ತದೆ! ಮುನ್ನೂರು ಪ್ರತಿ!"

ಮೊಣಕೈ ಬೀಸಿದೆ. ಢಮ್! ಗುಂಡು ಮಾಡಿನ ಹೆಂಚಿಗೆ ಹೋಯಿತು. ಕೋವಿ ಕಿತ್ತುಕೊಂಡೆ.

ಅವನು ಪ್ರಿಂಟರ್ ಕಡೆ ಓಡಿದ. ನಾನು ಬೆನ್ನು ಹತ್ತಿದೆ.

ತಡವಾಗಿತ್ತು. ಸಿಕ್ಕ ಕಾಗದಕ್ಕೆಲ್ಲ ತನ್ನ ಹೆಸರು, ತಾರೀಖು ಹಾಕುವ ಚಟ ಅವನಿಗೆ. ಹೋದ ವರ್ಷ ಬದಲಿಸಿದ ಫೈಲಿಗೂ ಹಾಕಿದ್ದ! ಚುನಾವಣಾಧಿಕಾರಿ ವಾಸಪ್ಪನವರು ಹಾಳೆ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು.

"ಮುಕುಂದಯ್ಯ... ಜೂನ್ ಹನ್ನೊಂದು... ಅರಳಸುರಳಿ ಸದಸ್ಯರ ಪಟ್ಟಿ ಅಳಿಸು..."

ಮುಂದಿನ ಬೆಂಚಿನಿಂದ ನಮ್ಮವ್ವ ಗುತ್ಯಮ್ಮ ಎದ್ದಳು.

"ಜೂನ್ ಹನ್ನೊಂದು! ನನ್ ಮಗನ್ನ ಕಳ್ಳ ಅಂದ ದಿನ!"

ಮುನ್ನೂರು ಜನ ಎದ್ದು ನಿಂತರು.

ಮುಕುಂದಯ್ಯ ನನ್ನ ಕಾಲು ಹಿಡಿದ. "ಪ್ರಿಂಟರ್ ನಿಲ್ಸೋ ಮಾಸ್ತಪ್ಪ... ನಿನ್ ದಮ್ಮಯ್ಯ!"

"ನನ್ ಕೈಲಾಗಲ್ಲ ಅಯ್ಯಾ. ಕೆಲ್ಸ ಕೊಟ್ಟಿದ್ದು ನೀವು, ಪಾಸ್‌ವರ್ಡ್ ನಿಮ್ದು!"