ಕತ್ತರಿಸದ ಕೋವಿಯ ವರದಿ

"ಮೇಷ್ಟ್ರೇ, ಇಲ್ಲದ ಕೋವೀನ ಎಲ್ಲಿಂದ ತರ್ಲಿ? ಸಂಜೆ ಇನ್ಸ್‌ಪೆಕ್ಟರ್ ತುಂಡು ನೋಡೋಕೆ ಬರ್ತಾರೆ!" ಗಡಿಯಾರ ರಿಪೇರಿಯವನು ಮೇಷ್ಟ್ರ ಮನೆ ಬಾಗಿಲಲ್ಲೇ ಗೋಳಾಡಿದ.

ಮೇಷ್ಟ್ರು ಪಾಠ ಹೇಳುವುದನ್ನು ಬಿಟ್ಟಿದ್ದರೂ ಪತ್ತೆ ಹಚ್ಚುವುದನ್ನು ಬಿಟ್ಟವರಲ್ಲ. ಅವರ ಹಿಂದೆಯೇ ಬಾಲದಂತೆ ತಿರುಗುವ ದರ್ಜಿ ಕಿವಿ ನೆಟ್ಟಗೆ ಮಾಡಿದ. ತೀರಿಹೋದ ಅಪ್ಪನ ಲೈಸೆನ್ಸಿನ ಕೋವಿಯನ್ನು ಪೊಲೀಸರು ಹೇಳಿದಂತೆ ಕತ್ತರಿಸಿಬಿಟ್ಟಿದ್ದೇನೆಂದು ಈ ಗಡಿಯಾರದ ಪುಣ್ಯಾತ್ಮ ಮೊದಲೇ ಠಾಣೆಗೆ ಬರೆದುಕೊಟ್ಟಿದ್ದ. ಆಮೇಲೆ ವೆಲ್ಡಿಂಗ್ ಅಂಗಡಿಗೆ ಒಯ್ಯೋಣವೆಂದು ಬೀರು ತೆಗೆದರೆ ಕೋವಿಯೇ ಮಾಯ!

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ಯಲ್ಲಪ್ಪ," ಎಂದ ದರ್ಜಿ.

"ತಮ್ಮನೇ ಮಾರಿರ್ಬೇಕು. ಜೈಲು ಮಾತ್ರ ನನಗೆ."

ಮೂವರೂ ಅವನ ಮನೆಗೆ ಹೋದಾಗ ಆ ತಮ್ಮ ಕಿಟಕಿಯ ಪಕ್ಕ ಕೂತಿದ್ದ. ಹೆಂಡತಿ ಸತ್ತಾಗಿನಿಂದ ಅವನ ಮಾತು ಕಡಿಮೆ. ಬೀರುವಿನ ಕೀಲಿಕೈ ಎಲ್ಲರ ಕೈಗೆಟುಕುವ ಮೊಳೆಯಲ್ಲಿತ್ತು. ಒಳಗೆ ಕೋವಿಯ ಚರ್ಮದ ಚೀಲ ಮಾತ್ರ ಉಳಿದಿತ್ತು. ದರ್ಜಿ ನೀರು ಕೇಳಿದಾಗ ತಾಯಿ ಮಂಡಿ ಹಿಡಿದುಕೊಂಡು ಎದ್ದು, ಕೊಡ ತೆಗೆದುಕೊಂಡು ಬೀದಿ ನಲ್ಲಿಗೆ ಹೊರಟರು. ಹಿತ್ತಲಿನ ಬಾವಿಗೆ ಹಲಗೆ ಮುಚ್ಚಿತ್ತು. ಮೇಷ್ಟ್ರು ಬಾವಿಯ ಹಗ್ಗ ಮುಟ್ಟಿ ನೋಡಿದರು. ಅದು ಪೂರ್ತಿ ಒಣಗಿತ್ತು.

ತಾಯಿ ಬಂದ ಮೇಲೆ ಮೇಷ್ಟ್ರು ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು.

"ಮಾರೋನು ಚೀಲ ಬಿಟ್ಟು ಬರೀ ಕೋವಿ ಹಿಡ್ಕೊಂಡು ಬೀದಿಗೆ ಇಳೀತಾನಾ? ಅದು ಹಿತ್ತಲು ದಾಟಿಲ್ಲ. ಮನೇಲೇ ಬಾವಿ ಇದ್ರೂ ಮಂಡಿನೋವಿನವರು ನಲ್ಲಿಗೆ ಹೋಗ್ತಾರೆ. ಯಾಕೆ? ಕೋವಿ ಮುಳುಗಿರೋ ನೀರನ್ನ ಮಕ್ಕಳಿಗೆ ಕುಡಿಸೋಕೆ ಮನಸ್ಸು ಬರ್ಲಿಲ್ಲ. ಅಲ್ವೇನಮ್ಮಾ?"

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಾನೇ ಹಾಕಿದ್ದು. ಚಿಕ್ಕವನು ಅದನ್ನ ತೊಡೆ ಮೇಲಿಟ್ಕೊಂಡು ಕೂತಿದ್ದ. ಏನಂತ ಕೇಳ್ಲಿ? ಭಯ ಆಯ್ತು."

"ಒರೆಸ್ತಿದ್ದೆ ಅಷ್ಟೇ ಅಮ್ಮ," ಎಂದ ತಮ್ಮ. ಆಮೇಲೆ ತಲೆ ತಗ್ಗಿಸಿದ. "ಇಲ್ಲ. ಒರೆಸ್ತಿರ್ಲಿಲ್ಲ."

ಕಳ್ಳನೆಂದು ಕರೆದ ಅಣ್ಣನೇ ಎದ್ದು ಬಂದು ಅವನ ಹೆಗಲು ಬಳಸಿ ಕೂತ. ದರ್ಜಿಗೆ ದುಃಖ ಉಕ್ಕಿ ಬಂತು.

ಸಂಜೆ ಅಣ್ಣ ಇನ್ಸ್‌ಪೆಕ್ಟರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ಚೆನ್ನಾಗಿ ಉಗಿದರು. ಆದರೆ ಕೋವಿ ಮೇಲೆತ್ತಿಸಿ, ತಾವೇ ನಿಂತು ತುಂಡು ಮಾಡಿಸಿ, ಹೊಸದಾಗಿ ವರದಿ ಬರೆಸಿಕೊಂಡರು.

ಮರುದಿನ ಬೆಳಿಗ್ಗೆ ದರ್ಜಿ ಆ ಹಿತ್ತಲಿಗೆ ಇಣುಕಿದ. ಬಾವಿಯ ಹಳೆಯ ನೀರನ್ನು ತಮ್ಮ ಸೇದಿ ಸೇದಿ ಹೊರಗೆ ಚೆಲ್ಲುತ್ತಿದ್ದ.

"ಸಾಕು ಬಿಡೋ, ಸುಸ್ತಾಗ್ತೀಯ," ಎಂದರು ತಾಯಿ.

"ಹೊಸ ನೀರು ಬರ್ಲಿ ಅಮ್ಮ. ನಾಳೆಯಿಂದ ನೀನು ನಲ್ಲಿಗೆ ಹೋಗೋದು ಬೇಡ."