ಹೆಸರು ಕೇಳುವ ಬಂದೂಕು

ಹೆಡ್ ಕಾನ್‌ಸ್ಟೆಬಲ್ ಫಕೀರವ್ವ ಹಡಪದ ತನ್ನ ಬಂದೂಕಿನ ಮುಂಗೈ ಹಿಡಿಯನ್ನು ಹಿಂದಕ್ಕೆ ಎಳೆದಳು. ಅದು ಕದಲಲಿಲ್ಲ. ಹಿಡಿಯ ಪಕ್ಕದ ಬೆರಳಗಲದ ಪರದೆಯ ಮೇಲೆ ಎರಡು ಪದ ಬೆಳಗಿದವು: ಹುಕುಂ ಯಾರದು?

ಅವಳು ತಿರುಗಿ ನೋಡಿದಳು. ಡಿವೈಎಸ್ಪಿ ಸಮರ್ಥ ಅಣ್ಣಿಗೇರಿ ಬಾಯಿ ತೆರೆಯಲಿಲ್ಲ. ಗದ್ದವೆತ್ತಿ ಕಾರ್ಖಾನೆಯ ಗೇಟಿನ ಕಡೆ ಸನ್ನೆ ಮಾಡಿದರು, ಅಷ್ಟೇ.

ಗೇಟಿನ ಮುಂದೆ ಮುನ್ನೂರು ಮಂದಿ ಕೂತಿದ್ದರು. ಹೆಚ್ಚಿನವರು ಹೆಂಗಸರು. ಗದಗಿನ ಸುತ್ತಲಿನ ಗುಡ್ಡಗಳಲ್ಲಿ ನಲವತ್ತು ವರ್ಷ ತಿರುಗಿ ಸವೆದ ಗಾಳಿಯಂತ್ರಗಳ ರೆಕ್ಕೆಗಳನ್ನು ಆ ಕಾರ್ಖಾನೆಯಲ್ಲಿ ಕೊಯ್ದು ಪುಡಿ ಮಾಡುತ್ತಿದ್ದರು. ಗಾಜಿನ ನಾರಿನ ಆ ಧೂಳು ಕೆಲಸಗಾರರ ಪುಪ್ಪುಸ ಸೇರಿತ್ತು. ಕಂಪನಿ ತೆಗೆಸಿದ ಎದೆಯ ಎಕ್ಸ್-ರೇಗಳನ್ನು ತಮ್ಮ ಕೈಗೆ ಕೊಡಬೇಕು ಎಂಬುದೊಂದೇ ಅವರ ಬೇಡಿಕೆ. ಮೂರು ದಿನದಿಂದ ಲಾರಿಗಳು ನಿಂತಿದ್ದವು.

ಪಂಪ್ ಬಂದೂಕು ಪೊಲೀಸರಿಗೆ ಹೊಸದಲ್ಲ. ಮುಂಗೈ ಹಿಡಿಯನ್ನು ಹಿಂದಕ್ಕೆಳೆದು ಮುಂದೂಡಿದರೆ ಸುಟ್ಟ ಕಾಡತೂಸು ಹೊರಬಿದ್ದು ಹೊಸದು ಒಳಹೋಗುತ್ತದೆ. ಧಾರವಾಡದ ವಿಜ್ಞಾನಿ ಡಾ. ಇರಾವತಿ ಕಮಡೊಳ್ಳಿ ಆ ಹಿಡಿಯೊಳಗೆ ಒಂದು ಬೀಗ ಕೂಡಿಸಿದ್ದರು. ಅಧಿಕಾರಿ ತನ್ನ ಹೆಸರು ಹೇಳಿ ಆಜ್ಞೆ ಕೊಟ್ಟರೆ ಬೀಗ ಆ ಧ್ವನಿಯನ್ನು ಗುರುತಿಸಿ ತೆರೆಯುತ್ತದೆ. ಸೂಜಿಮೊನೆಗಿಂತ ಸಣ್ಣ ಬೆಳಕಿನ ಕಿರಣ ಕಾಡತೂಸಿನ ಹಿತ್ತಾಳೆ ಬುಡದ ಮೇಲೆ ಆ ಹೆಸರನ್ನು ಕೊರೆಯುತ್ತದೆ. ಇದಕ್ಕೆ ಒಂದೇ ವಿನಾಯಿತಿ: ಬಂದೂಕು ಹಿಡಿದವರು 'ನನ್ನ ಜೀವಕ್ಕೆ ಅಪಾಯ' ಎಂದರೂ ಬೀಗ ತೆರೆಯುತ್ತದೆ, ಆಗ ಕೊರೆಯುವುದು ಅವರದೇ ಹೆಸರನ್ನು.

ಅಣ್ಣಿಗೇರಿ ಹತ್ತಿರ ಬಂದು ದನಿ ತಗ್ಗಿಸಿದರು. "ಜೀವಕ್ಕ ಅಪಾಯ ಅನ್ನು. ತಗೀತೈತಿ."

"ಸಾಹೇಬ್ರ, ಅವರ ಕೈಯಾಗ ಬುತ್ತಿ ಡಬ್ಬಿ ಅದಾವ್ರೀ."

"ನಾ ಹೇಳಿದ್ದು ಕೇಳಸ್ತಿಲ್ಲೇನು?"

"ಕೇಳಸ್ತೈತ್ರಿ. ನನಗ ಹೇಳಿದ್ದನ್ನ ಇದಕ್ಕ ಹೇಳ್ರಿ." ಅವಳು ಬಂದೂಕನ್ನು ಅವರ ಮುಂದೆ ಹಿಡಿದಳು. "ನಿಮ್ಮ ಹೆಸರು ಹೇಳ್ರಿ, ಬೀಗ ತಗೀತೈತಿ. ಆದ್ರ ಗುಂಡು ಮಾತ್ರ ನಾ ಹಾರಿಸಂಗಿಲ್ಲ. ಸುಳ್ಳಂತೂ ಹೇಳಾಕ ಒಲ್ಲೆ."

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೇಲಧಿಕಾರಿಗೆ ಅವಳು ಒಲ್ಲೆ ಎಂದದ್ದು ಅದೇ ಮೊದಲು. ಚಾಚಿದ ಬಂದೂಕನ್ನು ಅವಳು ಹಾಗೇ ಹಿಡಿದಿದ್ದಳು. ಅಣ್ಣಿಗೇರಿ ಅದನ್ನು ಮುಟ್ಟಲಿಲ್ಲ, ತಮ್ಮ ಹೆಸರನ್ನೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪೊಲೀಸ್ ಪಡೆ ಹಿಂದಿರುಗಿತು. ಸಂಜೆಗೆ ಹೆಡ್ ಕಾನ್‌ಸ್ಟೆಬಲ್ ಫಕೀರವ್ವನ ಅಮಾನತಿನ ಆದೇಶ ಬಂತು.

ಇಲಾಖೆಯ ವಿಚಾರಣೆಯ ದಿನ ವರಾಂಡದ ಬೆಂಚಿನ ಮೇಲೆ ಇರಾವತಿ ಅವಳ ಪಕ್ಕ ಬಂದು ಕೂತರು. ಕೈಯಲ್ಲೊಂದು ವರದಿ ಇತ್ತು.

"ಬೀಗದೊಳಗ ತೇವ ಕೂತು ಬಂದೂಕು ಕೆಟ್ಟಿತ್ತು ಅಂತ ನನ್ನಿಂದ ಬರಸ್ಯಾರ. ಇದಕ್ಕ ನಾ ಸಹಿ ಮಾಡಿದ್ರ ನಿಮ್ಮ ನೌಕರಿ ಉಳೀತದ, ಅಣ್ಣಿಗೇರಿಯವರ ಮಾನಾನೂ ಉಳೀತದ."

"ಬಂದೂಕು ಕೆಟ್ಟಿತ್ತೇನ್ರೀ ಮೇಡಂ?"

"ಇಲ್ಲ."

"ಕೆಟ್ಟಿತ್ತು ಅಂತ ಬರದ್ರ ನಾಳೆ ನಮ್ಮ ಕೈಯಾಗ ಏನ್ ಕೊಡ್ತಾರ್ರೀ?"

ಇರಾವತಿ ವರದಿಯನ್ನು ಮಡಚಿದರು. "ಹಳೇವು. ಏನೂ ಕೇಳದಂಥವು."

"ಹಂಗಾದ್ರ ಬ್ಯಾಡ್ರಿ. ಆ ತಗಡಿನ ಮ್ಯಾಲೆ ತಪ್ಪು ಹಾಕಬ್ಯಾಡ್ರಿ. ಒಲ್ಲೆ ಅಂದಾಕಿ ನಾನು."

ಒಳಗೆ ಮೂವರು ಅಧಿಕಾರಿಗಳ ಮುಂದೆಯೂ ಅವಳು ಇದನ್ನೇ ಹೇಳಿದಳು, ಎದೆಯೆತ್ತಿ, ಒಂದಕ್ಷರ ನುಂಗದೆ. ಇರಾವತಿ ವರದಿಯನ್ನು ನಡುವೆ ಹರಿದು ಮೇಜಿನ ಮೇಲಿಟ್ಟು, ಬೀಗ ಸರಿಯಾಗಿತ್ತು ಎಂದರು. ಹಾಗಾದರೆ ಅವತ್ತಿನ ಮಾತುಕತೆ ಬಂದೂಕಿನಲ್ಲಿ ಇರಬೇಕಲ್ಲ ಎಂದು ಒಬ್ಬರು ಕೇಳಿದರು. ಆಗ ಇರಾವತಿಯ ಮುಖ ಇಳಿಯಿತು. ಬೀಗ ಉಳಿಸಿಕೊಳ್ಳುವುದು ತನ್ನನ್ನು ತೆರೆಸಿದವರ ಹೆಸರನ್ನು ಮಾತ್ರ. ನಿರಾಕರಿಸಿದವರ ಹೆಸರಿಗೆ ಅದರಲ್ಲಿ ಜಾಗವನ್ನೇ ಅವರು ಮಾಡಿರಲಿಲ್ಲ. ಅಂಥವರೂ ಇರಬಹುದೆಂದು ಅವರಿಗೆ ಹೊಳೆದಿರಲೇ ಇಲ್ಲ.

ತೀರ್ಪು ಬಂತು. ಹೆಸರು ದಾಖಲಾಗಿಲ್ಲವಾದ್ದರಿಂದ ಡಿವೈಎಸ್ಪಿ ಯಾವ ಹುಕುಮನ್ನೂ ಕೊಟ್ಟಿಲ್ಲ. ಆದರೆ ಫಕೀರವ್ವ ಹುಕುಂ ಮೀರಿದ್ದಾಳೆ, ಅದಕ್ಕೆ ನೌಕರಿಯಿಂದ ವಜಾ. ಕೊಡದ ಹುಕುಮನ್ನು ಮೀರುವುದು ಹೇಗೆಂದು ಅವಳು ಜೋರಾಗಿಯೇ ಕೇಳಿದಳು. ಅಧಿಕಾರಿಗಳು ಕಡತ ಮುಚ್ಚಿ ಎದ್ದರು. ಅವಳು ಟೋಪಿ, ಬೆಲ್ಟು ಒಪ್ಪಿಸಿ ಹೊರಟಳು.

ಮರುದಿನ ಅವಳು ಕಾರ್ಖಾನೆಯ ಗೇಟಿಗೆ ಹೋದಾಗ ಹೆಂಗಸರು ಜರುಗಿ ಜಾಗ ಕೊಟ್ಟರು. ಅವಳು ಬಂದು ಕೂತ ಹದಿನೆಂಟನೆಯ ದಿನ ಎಕ್ಸ್-ರೇ ಲಕೋಟೆಗಳು ಹೊರಬಂದವು.

ಕೆಲವು ತಿಂಗಳ ಮೇಲೆ ಇರಾವತಿ ಅವಳನ್ನು ಧಾರವಾಡಕ್ಕೆ ಕರೆಸಿಕೊಂಡರು. ಬೀಗಕ್ಕೆ ನಿರಾಕರಣೆಯ ದಾಖಲೆಯನ್ನೂ ಸೇರಿಸುವ ಕೆಲಸ ನಡೆದಿತ್ತು. ಹಿಂದಿನ ಕಾಲದಲ್ಲಿ ಒಲ್ಲೆ ಎಂದವರು ಎಷ್ಟು ಜನ, ಯಾವ ಮಾತಿನಲ್ಲಿ ಹೇಳಿದ್ದರು ಎಂದು ತಿಳಿಯಲು ಅವರು ಹಳೆಯ ಗೋಲಿಬಾರ್ ವರದಿಗಳನ್ನು ತರಿಸಿದ್ದರು. ಪೊಲೀಸ್ ಬರವಣಿಗೆ ಬಲ್ಲ ಕಣ್ಣು ಬೇಕಿತ್ತು.

ಫಕೀರವ್ವ ಎರಡು ದಿನ ಓದಿದಳು. ಕಾಗದಗಳು ಬೇರೆ, ಊರುಗಳು ಬೇರೆ, ವಾಕ್ಯ ಮಾತ್ರ ಒಂದೇ: 'ಪರಿಸ್ಥಿತಿ ಕೈಮೀರಿದ್ದರಿಂದ ಗುಂಡು ಹಾರಿಸಲಾಯಿತು.'

"ಬಂದೂಕು ಹಿಡದು ಸಾಲಿನ್ಯಾಗ ನಿಂತವ್ರು ಇಪ್ಪತ್ತು ಮಂದಿ ಅಂತ ಬರದಾರ," ಎಂದಳು ಅವಳು. "ಇಪ್ಪತ್ತರಾಗ ಒಬ್ಬರರ ಒಲ್ಲೆ ಅಂದಿರ್ತಾರ್ರೀ. ಅವ್ರು ಎಲ್ಲಿ ಹ್ವಾದ್ರು?"

"ವಾಕ್ಯದೊಳಗ ಹಾರಿಸಿದವ್ರಿಗೇ ಜಾಗ ಇಲ್ಲ. ಒಲ್ಲೆ ಅಂದವ್ರಿಗೆ ಎಲ್ಲಿಂದ ಬರಬೇಕು?"

ಫಕೀರವ್ವ ಮೇಲಿನ ಕಾಗದದ ತಾರೀಖು ನೋಡಿದಳು. ನಲವತ್ತು ವರ್ಷದ ಹಿಂದಿನದು. ಇದೇ ವಾಕ್ಯ ಮರುದಿನದ ಪತ್ರಿಕೆಯಲ್ಲೂ ಬಂದಿರಬೇಕು. ಸಾವಿರಾರು ಜನ ಬೆಳಗಿನ ಚಹಾ ಕುಡಿಯುತ್ತ ಓದಿ, ಪತ್ರಿಕೆ ಮಡಚಿಟ್ಟು ಕೆಲಸಕ್ಕೆ ಹೋಗಿರಬೇಕು. ಆ ವಾಕ್ಯವನ್ನು ತಡೆದು ನಿಲ್ಲಿಸಲು ಅವರಿಗೆ ಯಾವ ಯಂತ್ರವೂ ಬೇಕಿರಲಿಲ್ಲ. ಹುಕುಂ ಯಾರದು ಎಂದು ಕೇಳಲು ಬಾಯಿ ಇದ್ದರೆ ಸಾಕಿತ್ತು.